ಶವರ್ ಸೆಟ್ ಕೊಳ್ಳುವ ಮೊದಲು ಟ್ಯಾಂಕಿನ ಎತ್ತರ ಅಳೆಯಿರಿ

ಸಂಪಾದಕರಿಗೆ,

ಮಾನ್ಯರೇ,

ಮೈಸೂರಿನ ಬೋಗಾದಿ, ದಟ್ಟಗಳ್ಳಿ, ಶ್ರೀರಾಂಪುರದ ಕಡೆ ಮತ್ತು ಮಂಡ್ಯದ ಹೊಸ ಬಡಾವಣೆಗಳಲ್ಲಿ ಏಳುತ್ತಿರುವ ಮನೆಗಳಲ್ಲಿ ಒಂದು ಬಚ್ಚಲುಮನೆಗಾದರೂ ನಾಲ್ಕಾರು ಕಡೆಯಿಂದ ನೀರು ಬೀಳುವ ಶವರ್ ಇರಲಿ ಎನ್ನುವವರು ಹೆಚ್ಚಾಗಿದ್ದಾರೆ. ತಲೆಯ ಮೇಲೆ ಅಗಲವಾದ ಮಳೆ ಶವರ್, ಪಕ್ಕದಲ್ಲಿ ಹ್ಯಾಂಡ್ ಶವರ್, ಗೋಡೆಯಲ್ಲಿ ನಾಲ್ಕೋ ಆರೋ ಬಾಡಿ ಜೆಟ್. ಆಸೆಯಲ್ಲಿ ತಪ್ಪೇನಿಲ್ಲ. ಬೆನ್ನುನೋವಿನ ಹಿರಿಯರಿಗೆ, ದಿನವಿಡೀ ನಿಂತು ದುಡಿದು ಬರುವವರಿಗೆ ಅದು ನಿಜವಾದ ಸುಖ. ಕೆಲಸ ಕೆಡುವುದು ಬೇರೆ ಕಡೆ. ಮೊದಲು ಅಂಗಡಿಗೆ ಹೋಗಿ ಹೊಳೆಯುವ ಸೆಟ್ ಆರಿಸಿ ತರುತ್ತಾರೆ, ಆಮೇಲೆ ಪೈಪು ಎಳೆಸುತ್ತಾರೆ, ಟೈಲ್ಸ್ ಮುಗಿದು ಗೃಹಪ್ರವೇಶದ ಹಿಂದಿನ ದಿನ ನೀರು ಬಿಟ್ಟು ನೋಡುತ್ತಾರೆ. ಜೆಟ್ಟಿನಿಂದ ಹೊರಟ ನೀರು ಮೈಗೆ ತಾಕದೆ ಗೋಡೆಗುಂಟ ಜಾರಿ ಇಳಿಯುತ್ತದೆ. 12 ಇಂಚಿನ ಮಳೆ ಶವರಿನಲ್ಲಿ ನಡುವಿನ ಹತ್ತಿಪ್ಪತ್ತು ತೂತುಗಳಿಂದ ಮಾತ್ರ ಹನಿಯುತ್ತದೆ. ಶವರ್ ಕಳಪೆಯೆಂದು ಅಂಗಡಿಯವರನ್ನು, ಕೆಲಸ ಕೆಟ್ಟದ್ದೆಂದು ಪ್ಲಂಬರನ್ನು ಬೈಯುತ್ತಾರೆ. ಹೆಚ್ಚಿನ ಸಲ ಎರಡೂ ಅಲ್ಲ. ಪ್ರದರ್ಶನಕ್ಕಿಟ್ಟ ಶವರಿನ ಹಿಂದೆ ಸಾಮಾನ್ಯವಾಗಿ ಒಂದು ಪಂಪು ಇರುತ್ತದೆ, ಮನೆಯಲ್ಲಿ ಇರುವುದು ಮಹಡಿಯ ಮೇಲಿನ ಟ್ಯಾಂಕು.

ಅಳತೆಪಟ್ಟಿ ಹಿಡಿದು ಮಾಡುವ ಲೆಕ್ಕ ಇದು. ನೀರು 10 ಮೀಟರ್ ಎತ್ತರದಿಂದ ಇಳಿದರೆ ಸುಮಾರು 1 ಬಾರ್ ಒತ್ತಡ. ಒಂದೇ ಅಂತಸ್ತಿನ ಮನೆ, ಚಾವಣಿ 10 ಅಡಿ, ತಾರಸಿಯ ಮೇಲೆ 4 ಅಡಿ ಕಟ್ಟೆ, ಅದರ ಮೇಲೆ ಟ್ಯಾಂಕು ಎಂದುಕೊಳ್ಳಿ. ಶವರ್ ನೆಲದಿಂದ 7 ಅಡಿಗೆ ಇರುತ್ತದೆ. ಸ್ಲ್ಯಾಬಿನ ದಪ್ಪವೂ ಸೇರಿ ಟ್ಯಾಂಕಿನ ತಳಕ್ಕೂ ಶವರಿಗೂ ನಡುವೆ ಸಿಗುವುದು ಏಳೂವರೆ ಅಡಿ, ಅಂದರೆ 0.22 ಬಾರಿನ ಆಸುಪಾಸು. ಎರಡು ಅಂತಸ್ತಿನ ಮನೆಯ ಕೆಳಗಿನ ಬಚ್ಚಲುಮನೆಗೆ 18 ಅಡಿ, ಅರ್ಧ ಬಾರಿಗಿಂತ ಸ್ವಲ್ಪ ಹೆಚ್ಚು. ಟ್ಯಾಂಕನ್ನು ಕಟ್ಟೆಯ ಬದಲು ಮೆಟ್ಟಿಲ ಕೋಣೆಯ ಚಾವಣಿಯ ಮೇಲೆ ಕೂರಿಸಿದರೆ ನಾಲ್ಕೈದು ಅಡಿ ಹೆಚ್ಚು ಸಿಗುತ್ತದೆ. ಮನೆ ಕಟ್ಟುವಾಗ ಈ ಒಂದು ನಿರ್ಧಾರಕ್ಕೆ ತಗಲುವ ಖರ್ಚು ಅಲ್ಪ, ಆಮೇಲೆ ಮಾಡಬೇಕೆಂದರೆ ಬಹಳ. ಲೆಕ್ಕ ಹಾಕುವಾಗ ಟ್ಯಾಂಕಿನ ತಳದಿಂದಲೇ ಹಾಕಬೇಕು. ತುಂಬಿದ ಟ್ಯಾಂಕಿನ ಲೆಕ್ಕ ಬೆಳಿಗ್ಗೆ ಮೊದಲು ಸ್ನಾನ ಮಾಡುವವರಿಗೆ ಮಾತ್ರ ಸರಿಹೋಗುತ್ತದೆ.

ಇನ್ನು ಶವರಿಗೆ ಬೇಕಾದ್ದೆಷ್ಟು? 8 ಇಂಚಿನ ಸಾಧಾರಣ ಮಳೆ ಶವರ್ ಅರ್ಧ ಬಾರಿನಲ್ಲಿ ತಕ್ಕಮಟ್ಟಿಗೆ ಕೆಲಸ ಮಾಡುತ್ತದೆ. ಅದಕ್ಕೆ ಒತ್ತಡಕ್ಕಿಂತ ನೀರಿನ ಪ್ರಮಾಣ ಮುಖ್ಯ. ಬಾಡಿ ಜೆಟ್ಟಿಗೆ 1 ರಿಂದ 1.5 ಬಾರ್ ಇಲ್ಲದಿದ್ದರೆ ನೀರು ಗೋಡೆ ಬಿಟ್ಟು ಮುಂದಕ್ಕೆ ಬರುವುದಿಲ್ಲ. ಕ್ಯಾಟಲಾಗ್ ಓದುವಾಗ ಎಚ್ಚರ ಬೇಕು. ಅಲ್ಲಿ ನಿಮಿಷಕ್ಕೆ ಇಷ್ಟು ಲೀಟರ್ ಎಂದು ಅಚ್ಚಾಗಿರುವುದು ಬಹುತೇಕ 3 ಬಾರ್ ಒತ್ತಡದ ಅಂಕಿ. ಒತ್ತಡ ಆರರಲ್ಲೊಂದು ಪಾಲಿಗೆ ಇಳಿದರೆ ನೀರು ಆರರಲ್ಲೊಂದು ಪಾಲಿಗೆ ಇಳಿಯುವುದಿಲ್ಲ, ಸುಮಾರು ನೂರಕ್ಕೆ ನಲವತ್ತಕ್ಕೆ ಇಳಿಯುತ್ತದೆ. 3 ಬಾರಿನಲ್ಲಿ 20 ಲೀಟರ್ ಕೊಡುವ ಶವರ್ ನಿಮ್ಮ ಮನೆಯ ಅರ್ಧ ಬಾರಿನಲ್ಲಿ 8 ಲೀಟರ್ ಕೊಡುತ್ತದೆ, ಅದೂ ಪೈಪು ಸರಿಯಾಗಿದ್ದರೆ.

ಪೈಪು ಸರಿಯಾಗಿರುವುದು ಅಂದರೆ ಅಗಲ ಸರಿಯಾಗಿರುವುದು. ಬಿಸಿ ನೀರಿಗೆ ಬಳಸುವ ಎಸ್‌ಡಿಆರ್ 11 ದರ್ಜೆಯ ಸಿಪಿವಿಸಿ ಪ್ಲಾಸ್ಟಿಕ್ ಪೈಪಿನಲ್ಲಿ ಮುಕ್ಕಾಲು ಇಂಚು ಎಂದರೆ ಒಳಗಿನ ಅಗಲ 18 ಎಂಎಂ, ಒಂದು ಇಂಚು ಎಂದರೆ 23 ಎಂಎಂ ಚಿಲ್ಲರೆ. ವ್ಯತ್ಯಾಸ ಕೈಗೆ ಚಿಕ್ಕದಾಗಿ ಕಾಣುತ್ತದೆ, ನೀರಿಗೆ ಹಾಗಲ್ಲ. ನಿಮಿಷಕ್ಕೆ 20 ಲೀಟರ್ ಹರಿಯುವಾಗ ಮುಕ್ಕಾಲು ಇಂಚಿನ 10 ಮೀಟರ್ ಪೈಪು ನುಂಗುವ ಒತ್ತಡ 1.1 ಮೀಟರ್ ಎತ್ತರದಷ್ಟು. ಅದೇ ನೀರು ಒಂದಿಂಚಿನಲ್ಲಿ ಹರಿದರೆ 0.3 ಮೀಟರ್. ಪೈಪು ತಿರುಗುವ ಕಡೆ ಹಾಕುವ ಪ್ರತಿ ಎಲ್ಬೋ ಅರ್ಧ ಮೀಟರಿಗೂ ಮಿಕ್ಕಿ ಪೈಪು ಜೋಡಿಸಿದಂತೆ ಲೆಕ್ಕ. ಇರುವುದೇ ಎರಡೂಕಾಲು ಮೀಟರ್ ಆಗಿದ್ದಾಗ ಅರ್ಧವನ್ನು ದಾರಿಯಲ್ಲೇ ಕಳೆದುಕೊಂಡರೆ ಶವರಿಗೆ ಉಳಿಯುವುದೇನು? ಆದ್ದರಿಂದ ಟ್ಯಾಂಕಿನಿಂದ ಇಳಿಯುವ ಮುಖ್ಯ ಪೈಪು ಒಂದೂಕಾಲು ಇಂಚು, ಬಹು ಶವರಿನ ಬಚ್ಚಲುಮನೆಯವರೆಗೆ ಒಂದಿಂಚು, ಡೈವರ್ಟರಿನಿಂದ (ಬಿಸಿ, ತಣ್ಣೀರು ಬೆರೆಸಿ ಬೇಕಾದ ಶವರಿನ ಕಡೆ ತಿರುಗಿಸುವ, ಗೋಡೆಯೊಳಗೆ ಕೂರುವ ಸಾಧನ) ಮಳೆ ಶವರಿಗೂ ಜೆಟ್‌ಗಳ ಸುತ್ತಿಗೂ ಮುಕ್ಕಾಲು ಇಂಚು ಇರಲಿ. ಅರ್ಧ ಇಂಚು ಕೊನೆಯ ಒಂದೊಂದು ಜೆಟ್ಟಿಗೆ, ಹ್ಯಾಂಡ್ ಶವರಿಗೆ ಮಾತ್ರ. ಬಚ್ಚಲುಮನೆಗೆ ಬರುವ ಆ ಒಂದಿಂಚಿನ ಪೈಪಿನಿಂದ ಅಡುಗೆಮನೆಗೋ ವಾಷಿಂಗ್ ಮಷಿನ್ನಿಗೋ ಕವಲು ಒಡೆಯಬಾರದು. ಒಡೆದರೆ ಅಲ್ಲಿ ನಲ್ಲಿ ತಿರುಗಿಸಿದಾಗಲೆಲ್ಲ ಇಲ್ಲಿ ನಿಂತವರಿಗೆ ನೀರು ಒಮ್ಮೆ ಸುಡುತ್ತದೆ, ಒಮ್ಮೆ ಕೊರೆಯುತ್ತದೆ.

ಮುಂದಿನದು ಲೀಟರಿನ ಲೆಕ್ಕ. ಮಳೆ ಶವರಿಗೆ 12, ಹ್ಯಾಂಡ್ ಶವರಿಗೆ 8, ನಾಲ್ಕು ಜೆಟ್ಟಿಗೆ ತಲಾ 5 ಎಂದು ಹಿಡಿದರೂ ಎಲ್ಲ ಒಟ್ಟಿಗೆ ಬಿಟ್ಟಾಗ ನಿಮಿಷಕ್ಕೆ 40 ಲೀಟರ್. ಚೊಂಬಿನಲ್ಲಿ ಹೊಯ್ದುಕೊಳ್ಳುವವರ ಒಂದು ದೊಡ್ಡ ಬಕೆಟ್ 20 ಲೀಟರ್, ಅದು ಅರ್ಧ ನಿಮಿಷಕ್ಕೆ ಮುಗಿಯಿತು. ಹತ್ತು ನಿಮಿಷದ ಸ್ನಾನಕ್ಕೆ 400 ಲೀಟರ್, ತಾರಸಿಯ ಮೇಲಿನ 500 ಲೀಟರ್ ಟ್ಯಾಂಕು ಬಹುತೇಕ ಖಾಲಿ. ನಗರಗಳ ನೀರು ಪೂರೈಕೆಗೆ ಒಬ್ಬರಿಗೆ ದಿನಕ್ಕೆ 135 ಲೀಟರ್ ಎಂದು ಸರ್ಕಾರಿ ಮಾನದಂಡವಿದೆ, ಅಡುಗೆ, ಬಟ್ಟೆ, ಶೌಚ ಎಲ್ಲ ಅದರಲ್ಲೇ ಬರಬೇಕು. ಕನ್ನಂಬಾಡಿಯ ಮಟ್ಟ 124.80 ಅಡಿ ತಲುಪಿದ ವರ್ಷ ಎಲ್ಲರಿಗೂ ಹಬ್ಬ. ತಲುಪದ ವರ್ಷ ಗದ್ದೆಗೆ ನೀರು ನಿಲ್ಲಿಸಿದ್ದನ್ನು ಮಂಡ್ಯದವರು ಕಣ್ಣಾರೆ ನೋಡಿದ್ದಾರೆ. ಹಾಗಾಗಿ ಎಲ್ಲ ಬಾಯಿಗಳೂ ಏಕಕಾಲಕ್ಕೆ ತೆರೆಯದ ಡೈವರ್ಟರ್ ಆರಿಸುವುದು ಬುದ್ಧಿವಂತಿಕೆ. ಒಂದು ಸಲಕ್ಕೆ ಒಂದೇ ದಾರಿ, ಹೆಚ್ಚೆಂದರೆ ಎರಡು. ನಮ್ಮನ್ನು ಕೇಳಿದರೆ ಇಲ್ಲಿನ ಬಹುಪಾಲು ಮನೆಗಳಿಗೆ 8 ಇಂಚಿನ ಒಂದು ಮಳೆ ಶವರ್, ಸರಳಿನ ಮೇಲೆ ಮೇಲೆ ಕೆಳಗೆ ಜಾರಿಸಬಹುದಾದ ಒಂದು ಹ್ಯಾಂಡ್ ಶವರ್, ಬೆನ್ನಿಗೆ ಎರಡು ಜೆಟ್ ಸಾಕು. ಆರು ಜೆಟ್ ಹಾಕಿಸಿಕೊಂಡವರು ಮೂರು ತಿಂಗಳ ಮೇಲೆ ಬಳಸುವುದೂ ಅಷ್ಟೇ.

ಬಿಸಿ ನೀರು ಸಾಕಾಗುವುದೇ ಎಂಬುದನ್ನೂ ಮೊದಲೇ ನೋಡಬೇಕು. ಡಿಸೆಂಬರಿನ ಬೆಳಿಗ್ಗೆ ಟ್ಯಾಂಕಿನ ನೀರು 22 ಡಿಗ್ರಿ, ಗೀಸರಿನದು 60 ಡಿಗ್ರಿ, ಮೈಗೆ ಬೇಕಾದ್ದು 40 ಎಂದು ಹಿಡಿದರೆ ಶವರಿನಿಂದ ಬೀಳುವ ನೀರಿನಲ್ಲಿ ಅರ್ಧಕ್ಕೆ ಹತ್ತಿರ ಗೀಸರಿನ ನೀರೇ ಇರಬೇಕು. ಗೀಸರಿನಿಂದ ಬಿಸಿ ಹೊರಟಂತೆ ತಣ್ಣೀರು ಒಳಗೆ ಸೇರುತ್ತದೆ, ಆದ್ದರಿಂದ 25 ಲೀಟರ್ ಗೀಸರ್ ಕೊಡುವುದು ಸುಮಾರು 40 ಲೀಟರ್ ಹದನೀರು. ಮೇಲಿನ ಲೆಕ್ಕದ ಶವರಿಗೆ ಅದು ಒಂದು ನಿಮಿಷಕ್ಕೆ. ಮತ್ತೆ ಕಾಯಲು 2 ಕಿಲೋವ್ಯಾಟ್ ಸುರುಳಿಗೆ ಅರ್ಧ ಗಂಟೆ ಮೀರಿ ಬೇಕು. 3 ಕಿಲೋವ್ಯಾಟಿನ ಇನ್‌ಸ್ಟಂಟ್ ಗೀಸರಂತೂ ಈ ಕೆಲಸಕ್ಕೆ ಲಾಯಕ್ಕಲ್ಲ, ನೀರನ್ನು 30 ಡಿಗ್ರಿ ಏರಿಸುತ್ತಾ ಅದು ನಿಮಿಷಕ್ಕೆ ಕೊಡಬಲ್ಲದ್ದು ಒಂದೂವರೆ ಲೀಟರಿಗಿಂತ ಕಡಿಮೆ. 200 ಲೀಟರ್ ಸೋಲಾರ್ 55 ಡಿಗ್ರಿಗೆ ಕಾದಿದ್ದರೆ 280-300 ಲೀಟರ್ ಹದನೀರು ಸಿಗುತ್ತದೆ. ನಾಲ್ಕು ಜನರ ಮನೆಯಲ್ಲಿ ತಲೆಗೆ 70 ಲೀಟರ್. ನಿಮಿಷಕ್ಕೆ 14 ಲೀಟರ್ ಬಳಸಿದರೆ ಐದು ನಿಮಿಷದ ಸ್ನಾನ, 40 ಬಳಸಿದರೆ ಎರಡು ನಿಮಿಷವೂ ಇಲ್ಲ. ಸೋಲಾರ್ ದೂರವಿದ್ದರೆ ಇನ್ನೊಂದು ನಷ್ಟವಿದೆ. ಒಂದಿಂಚಿನ ಪೈಪಿನಲ್ಲಿ ಮೀಟರಿಗೆ 430 ಮಿಲಿಲೀಟರ್ ನೀರು ನಿಂತಿರುತ್ತದೆ. 15 ಮೀಟರಿಗೆ ಆರೂವರೆ ಲೀಟರ್ ತಣ್ಣೀರು ಪ್ರತಿ ಸಲ ಚರಂಡಿಗೆ. ಬಹು ಶವರಿನ ಬಚ್ಚಲುಮನೆಯನ್ನು ಸೋಲಾರಿನ ನೇರ ಕೆಳಗೆ ಬರುವಂತೆ ಇಟ್ಟು ಬಿಸಿ ಪೈಪಿಗೆ ಫೋಮ್ ಸುತ್ತಿಸಿ. ಸೋಲಾರ್ ಟ್ಯಾಂಕಿನಿಂದ ಹೊರಡುವ ಮೊದಲ ಕೆಲವು ಅಡಿಯನ್ನು ಜಿಐ (ಸತು ಲೇಪಿಸಿದ ಕಬ್ಬಿಣ) ಪೈಪಿನಲ್ಲಿ ಮಾಡುವುದು ಕ್ಷೇಮ. ಎಸ್‌ಡಿಆರ್ 11 ಸಿಪಿವಿಸಿ 23 ಡಿಗ್ರಿಯಲ್ಲಿ ಚದರ ಸೆಂಟಿಮೀಟರಿಗೆ 28 ಕೆ.ಜಿ. ತಾಳುತ್ತದೆ, 82 ಡಿಗ್ರಿಯಲ್ಲಿ 7 ಕೆ.ಜಿ. ಮಾತ್ರ. ಮನೆಯವರೆಲ್ಲ ನಾಲ್ಕು ದಿನ ಊರಿಗೆ ಹೋಗಿದ್ದಾಗ ಏಪ್ರಿಲ್ ಬಿಸಿಲಿಗೆ ಸೋಲಾರ್ ನೀರು ಅದಕ್ಕೂ ಮೇಲೆ ಕಾಯಬಹುದು.

ಎಲ್ಲಕ್ಕಿಂತ ಹೆಚ್ಚು ಕೆಡುವ ಜಾಗ ಪಂಪು. ಇದನ್ನು ಸ್ವಲ್ಪ ವಿವರವಾಗಿಯೇ ಬರೆಯಬೇಕು.

ಒತ್ತಡ ಸಾಲದೆಂದು ತಿಳಿದ ಕೂಡಲೇ ತಣ್ಣೀರಿನ ಪೈಪಿಗೆ ಅರ್ಧ ಎಚ್‌ಪಿ ಪ್ರೆಶರ್ ಪಂಪು ಕೂರಿಸುತ್ತಾರೆ. ಬಿಸಿ ನೀರು ಸೋಲಾರಿನಿಂದ ತನ್ನ ಪಾಡಿಗೆ ತಾನು ಇಳಿಯುತ್ತಿರುತ್ತದೆ. ಒಂದು ಕಡೆ 2 ಬಾರ್, ಇನ್ನೊಂದು ಕಡೆ ಕಾಲು ಬಾರ್. ಎರಡೂ ಒಂದೇ ಮಿಕ್ಸರಿನಲ್ಲಿ ಸೇರಿದರೆ ತಣ್ಣೀರು ಬಿಸಿಯನ್ನು ಹಿಂದಕ್ಕೆ ದೂಡುತ್ತದೆ. ಹಿಡಿಯನ್ನು ಎಷ್ಟೇ ಬಿಸಿಯ ಕಡೆ ತಿರುಗಿಸಿದರೂ ತಣ್ಣಗೆ, ಕೊನೆಯ ಕೂದಲೆಳೆಯಷ್ಟರಲ್ಲಿ ಒಮ್ಮೆಲೇ ಸುಡುನೀರು. ಹ್ಯಾಂಡ್ ಶವರಿನ ತುದಿಯಲ್ಲಿ ಗುಂಡಿ ಇದ್ದು, ಮಿಕ್ಸರ್ ತೆರೆದೇ ಬಿಟ್ಟು ಗುಂಡಿ ಮಾತ್ರ ಮುಚ್ಚಿದರೆ ಇನ್ನೂ ಕೆಟ್ಟದು. ತಣ್ಣೀರು ರಾತ್ರಿಯಿಡೀ ಬಿಸಿ ಪೈಪಿಗೆ ನುಗ್ಗಿ ಸೋಲಾರ್ ಟ್ಯಾಂಕು ಸೇರುತ್ತದೆ. ತಾರಸಿಯ ಮೇಲೆ ಸೋಲಾರಿನ ಗಾಳಿ ಪೈಪಿನಿಂದ ನೀರು ಸುರಿಯುತ್ತಿದ್ದರೆ, ಬಿಸಿಲಿದ್ದರೂ ಬೆಳಿಗ್ಗೆ ನೀರು ಉಗುರುಬೆಚ್ಚಗಿದ್ದರೆ, ಕಾರಣ ಹುಡುಕಬೇಕಾದ್ದು ಸೋಲಾರಿನಲ್ಲಲ್ಲ, ಈ ಮಿಕ್ಸರಿನಲ್ಲಿ.

ಬಿಸಿಗೂ ತಣ್ಣಗೂ ಒಂದೇ ಒತ್ತಡ ಇರಬೇಕು. ಅದಕ್ಕೆ ಮೂರು ದಾರಿಗಳಿವೆ. ಮೊದಲನೆಯದು, ಪಂಪೇ ಬೇಡವೆಂದು ಟ್ಯಾಂಕು, ಸೋಲಾರ್ ಎರಡನ್ನೂ ಎತ್ತರಿಸಿ, ಕಡಿಮೆ ಒತ್ತಡಕ್ಕೆ ಒಗ್ಗುವ ಮಳೆ ಶವರ್ ಹಾಕಿ ಜೆಟ್ ಬಿಟ್ಟುಬಿಡುವುದು. ಎರಡನೆಯದು, ಒತ್ತಡ ತಾಳುವ ಬಗೆಯ ಸೋಲಾರ್ ಟ್ಯಾಂಕು ಅಥವಾ ಗೀಸರ್ ತೆಗೆದುಕೊಂಡು, ನೀರು ಬಿಸಿಗೂ ತಣ್ಣಗೂ ಕವಲಾಗುವ ಮೊದಲೇ ಒಂದು ಪಂಪು ಕೂರಿಸುವುದು. ಇದು ಎಲ್ಲಕ್ಕಿಂತ ಅಚ್ಚುಕಟ್ಟು, ಹೊಸ ಮನೆಗೆ ನಾವು ಹೇಳುವುದು ಇದನ್ನೇ. ಆದರೆ ಗಾಳಿ ಪೈಪು ಇರುವ ಸಾಮಾನ್ಯ ಸೋಲಾರ್ ಟ್ಯಾಂಕಿಗೆ ಮಾತ್ರ ಪಂಪಿನ ನೀರು ಕೊಡಲೇಬಾರದು. ಗಾಳಿ ಪೈಪಿನಿಂದ ಉಕ್ಕುತ್ತದೆ, ಆ ಪೈಪು ಮುಚ್ಚಿದರೆ ಟ್ಯಾಂಕಿನ ಬೆಸುಗೆ ಬಿಡುತ್ತದೆ. ಮೂರನೆಯದು, ಈಗಾಗಲೇ ಅಂಥ ಸೋಲಾರ್ ಇರುವ ಮನೆಗೆ, ತಣ್ಣಗಿನ ಪೈಪಿಗೊಂದು, ಬಿಸಿಯ ಪೈಪಿಗೊಂದು, ಒಂದೇ ಅಳತೆಯ ಎರಡು ಪಂಪು. ಬಿಸಿಯ ಪಂಪು ಬಿಸಿ ನೀರಿಗೆಂದೇ ಮಾಡಿದ್ದಾಗಿರಬೇಕು, ಇಲ್ಲವಾದರೆ ಸೀಲು ಬೇಗ ಹೋಗುತ್ತದೆ. ಪಂಪು ಎಳೆಯುವಾಗ ಸೋಲಾರಿನ ಗಾಳಿ ಪೈಪು ಕಸ ಕಟ್ಟಿ ಮುಚ್ಚಿದ್ದರೆ ಒಳಗೆ ಗಾಳಿಯಿಲ್ಲದೆ ಟ್ಯಾಂಕು ಡಬ್ಬ ಜಜ್ಜಿದಂತೆ ಒಳಕ್ಕೆ ಸೊಟ್ಟಗಾಗುತ್ತದೆ, ಆ ಪೈಪನ್ನು ವರ್ಷಕ್ಕೆರಡು ಸಲ ನೋಡಿ. ಯಾವ ದಾರಿ ಹಿಡಿದರೂ ಡೈವರ್ಟರಿಗೆ ಬರುವ ಎರಡೂ ಪೈಪಿಗೆ ನೀರನ್ನು ಹಿಂದಕ್ಕೆ ಬಿಡದ ನಾನ್ ರಿಟರ್ನ್ ವಾಲ್ವ್ ಹಾಕಿಸಿ, ಅದೂ ಗೋಡೆಯೊಳಗೆ ಹೂಳದೆ, ಕೈಗೆ ಸಿಗುವ ಜಾಗದಲ್ಲಿ. 38 ಡಿಗ್ರಿಗೆ ತಾನೇ ನಿಲ್ಲುವ ಥರ್ಮೋಸ್ಟಾಟ್ ಮಿಕ್ಸರ್ ಕೊಳ್ಳುವವರಿಗೂ ಇದೇ ಮಾತು. ಎರಡು ಕಡೆಯ ಒತ್ತಡದಲ್ಲಿ ಅಜಗಜಾಂತರ ಇದ್ದರೆ ಅದು ಕೆಲಸ ಮಾಡುವುದಿಲ್ಲ.

ಪಂಪಿನ ಪೆಟ್ಟಿಗೆಯ ಮೇಲೆ 30 ಮೀಟರ್, ನಿಮಿಷಕ್ಕೆ 60 ಲೀಟರ್ ಎಂದಿದ್ದರೆ ಎರಡೂ ಒಟ್ಟಿಗೆ ಸಿಗುತ್ತವೆ ಎಂದು ತಿಳಿಯಬೇಡಿ. ಮೊದಲನೆಯದು ನೀರು ಹರಿಯದೆ ನಿಂತಾಗಿನ ಎತ್ತರ, ಎರಡನೆಯದು ಎತ್ತರವೇ ಇಲ್ಲದಾಗಿನ ಹರಿವು. ನಿಮಗೆ ಬೇಕಾದ ಲೀಟರಿನಲ್ಲಿ ಎಷ್ಟು ಮೀಟರ್ ಕೊಡುತ್ತದೆ ಎಂದು ಅದರ ಗೆರೆಚಿತ್ರದಲ್ಲಿ ನೋಡಬೇಕು. ನಿಮಿಷಕ್ಕೆ 40 ಲೀಟರಿಗೆ 15-20 ಮೀಟರ್ ಕೊಡುವ ಅರ್ಧ ಎಚ್‌ಪಿ ಪಂಪು ಒಂದು ಬಚ್ಚಲುಮನೆಗೆ ಸಾಕು. ನೀರಿನ ಹರಿವು ಕಂಡು ಚಾಲೂ ಆಗುವ ಪಂಪು ಮೇಲಿನ ಅಂತಸ್ತಿನಲ್ಲಿ ಕೆಲವೊಮ್ಮೆ ಹತ್ತುವುದೇ ಇಲ್ಲ. ಟ್ಯಾಂಕಿಗೂ ಶವರಿಗೂ ಅಂತರ ಕಡಿಮೆಯಿದ್ದಾಗ ಅದನ್ನು ಎಬ್ಬಿಸುವಷ್ಟೂ ನೀರು ಹರಿಯುವುದಿಲ್ಲ. ಅಲ್ಲಿಗೆ ಒತ್ತಡ ಕಂಡು ಚಾಲೂ ಆಗುವ, 24 ಲೀಟರಿನ ಸಣ್ಣ ಪ್ರೆಶರ್ ಟ್ಯಾಂಕು ಜೊತೆಗಿರುವ ಬಗೆ ಒಳ್ಳೆಯದು. ಆದರೆ ಮನೆಯಲ್ಲಿ ಒಂದು ನಲ್ಲಿ ತೊಟ್ಟಿಕ್ಕುತ್ತಿದ್ದರೂ ಅದು ರಾತ್ರಿಯೆಲ್ಲ ಹತ್ತಿ ಆರಿ ಮಾಡುತ್ತಿರುತ್ತದೆ. ಪಂಪಿನ ಪಕ್ಕದಲ್ಲಿ ನಾನ್ ರಿಟರ್ನ್ ವಾಲ್ವಿನೊಡನೆ ಬೈಪಾಸ್ ಪೈಪು ಇರಲೇಬೇಕು, ಕರೆಂಟು ಹೋದಾಗ ಹ್ಯಾಂಡ್ ಶವರಿಗಾದರೂ ನೀರು ಬರುತ್ತದೆ. ಪಂಪಿನ ಬುಡಕ್ಕೆ ರಬ್ಬರ್ ಹಾಸಿ, ಮಲಗುವ ಕೋಣೆಯ ನೆತ್ತಿಯ ಮೇಲೆ ಬೇಡ. ಬೀದಿಯ ನಲ್ಲಿಗೆ ನೇರವಾಗಿ ಪಂಪು ಹಾಕುವುದು ಕಾನೂನಿಗೆ ವಿರುದ್ಧ, ಅಕ್ಕಪಕ್ಕದವರ ನೀರು ಕಸಿದಂತೆ. ಸಂಪಿನಿಂದ ಟ್ಯಾಂಕಿಗೆ, ಟ್ಯಾಂಕಿನಿಂದ ಪಂಪಿಗೆ, ಅದೇ ಕ್ರಮ.

ಗೋಡೆಯೊಳಗಿನ ಕೆಲಸ. ಬಹು ಶವರಿನ ಡೈವರ್ಟರಿನ ಒಡಲು ದಪ್ಪ. ಅದರ ಪ್ಲಾಸ್ಟಿಕ್ ಮುಚ್ಚಳದ ಮೇಲೆ ಕನಿಷ್ಠ, ಗರಿಷ್ಠ ಎಂದು ಎರಡು ಗೆರೆ ಇರುತ್ತವೆ, ಗಾರೆ, ಅಂಟು, ಟೈಲ್ಸ್ ಎಲ್ಲ ಆದ ಮೇಲಿನ ಮುಖ ಆ ಎರಡರ ನಡುವೆ ಬರಬೇಕು. ಒಳಗೆ ಹೋದರೆ ಹಿಡಿ ಕೂರುವುದಿಲ್ಲ, ಹೊರಗೆ ಬಂದರೆ ತಟ್ಟೆ ಗೋಡೆಗೆ ಒರಗುವುದಿಲ್ಲ, ಆ ಸಂದಿನಿಂದ ನೀರು ಗೋಡೆ ಸೇರುತ್ತದೆ. 4 ಇಂಚಿನ ಬ್ಲಾಕ್ ಗೋಡೆಯಲ್ಲಿ ಇದಕ್ಕೆ ಜಾಗವಿಲ್ಲ. ನೇರ ಮೇಲಕ್ಕೆ ಕೊರೆಯುವ ಕಾಲುವೆ ಗೋಡೆಯ ದಪ್ಪದ ಮೂರನೇ ಒಂದಕ್ಕಿಂತ ಆಳ ಹೋಗಬಾರದು, ಅಡ್ಡ ಕೊರೆಯುವುದು ಆರನೇ ಒಂದಕ್ಕಿಂತ. ಜೆಟ್‌ಗಳಿಗೆ ಅಡ್ಡ ಪೈಪು ಬೇಕೇ ಬೇಕು. ಆದ್ದರಿಂದ ಆ ಗೋಡೆಯನ್ನು 6 ಅಥವಾ 8 ಇಂಚಿಗೆ ಕಟ್ಟಿಸಿ, ಇಲ್ಲವೇ ಮುಂದೆ 4 ಇಂಚಿನ ಎರಡನೇ ಗೋಡೆ ಏಳಿಸಿ ಪೈಪನ್ನು ನಡುವೆ ಬಿಡಿ. ಆ ಗೋಡೆ ಎದೆಮಟ್ಟಕ್ಕೆ ನಿಂತರೆ ಸೋಪು, ಎಣ್ಣೆ ಇಡಲು ಕಟ್ಟೆಯೂ ಆಯಿತು.

ಜೆಟ್‌ಗಳನ್ನು ಒಂದರ ಬಾಲಕ್ಕೆ ಒಂದು ಜೋಡಿಸಿದರೆ ಮೊದಲನೆಯದು ಚಿಮ್ಮುತ್ತದೆ, ಕೊನೆಯದು ಸೋರುತ್ತದೆ. ಮುಕ್ಕಾಲು ಇಂಚಿನ ಪೈಪನ್ನು ಸುತ್ತು ಬಳಸಿ ಮತ್ತೆ ಆರಂಭಕ್ಕೇ ಸೇರಿಸಿ ಅದರಿಂದ ಕವಲು ಕೊಟ್ಟರೆ ಪ್ರತಿ ಜೆಟ್ಟಿಗೂ ಎರಡು ಕಡೆಯಿಂದ ನೀರು ಬಂದು ಒತ್ತಡ ಸಮವಾಗುತ್ತದೆ. ಎತ್ತರವನ್ನು ಕ್ಯಾಟಲಾಗಿನ ಚಿತ್ರ ನೋಡಿ ಗುರುತು ಹಾಕಬೇಡಿ. ಮನೆಯವರನ್ನೇ ಗೋಡೆಗೆ ನಿಲ್ಲಿಸಿ ಸೀಮೆಸುಣ್ಣದಲ್ಲಿ ಗುರುತು ಮಾಡಿ. ಮೇಲಿನ ಜೆಟ್ ಮನೆಯ ಅತಿ ಗಿಡ್ಡ ವ್ಯಕ್ತಿಯ ಭುಜಕ್ಕಿಂತ ಕೆಳಗಿರಲಿ, ಇಲ್ಲದಿದ್ದರೆ ಅವರ ಮುಖಕ್ಕೇ ಹೊಡೆಯುತ್ತದೆ. ಸಾಮಾನ್ಯವಾಗಿ 4 ಅಡಿ ಮತ್ತು 3 ಅಡಿ ಒಪ್ಪುತ್ತದೆ. ಡೈವರ್ಟರಿನ ಹಿಡಿ ಮೂರೂವರೆ ಅಡಿಯಲ್ಲಿ, ಒಳಗೆ ಕಾಲಿಡುವ ಮೊದಲೇ ಕೈಗೆ ಸಿಗುವ ಕಡೆ ಇರಲಿ. ಮೊದಲು ಬರುವ ತಣ್ಣೀರು ತಲೆಯ ಮೇಲೆ ಬೀಳುವುದು ಬೇಡ. ಮಳೆ ಶವರನ್ನು ಚಾವಣಿಯಿಂದ ಇಳಿಸುವುದಾದರೆ ಸ್ಲ್ಯಾಬಿಗೆ ಜಿಐ ಆಂಗಲ್ ಬಿಗಿದು ಅದಕ್ಕೆ ಕಟ್ಟಬೇಕು. ಜಿಪ್ಸಂ ಹಲಗೆಗೆ ನೇತುಹಾಕಿದರೆ ನಿಲ್ಲುವುದಿಲ್ಲ. ಶವರ್ ಮಟ್ಟವಾಗಿಲ್ಲದಿದ್ದರೆ ನೀರೆಲ್ಲ ತಗ್ಗಿನ ಕಡೆಯ ತೂತುಗಳಿಂದಲೇ ಬರುತ್ತದೆ, ಸ್ಪಿರಿಟ್ ಲೆವೆಲ್ ಇಟ್ಟೇ ಬಿಗಿಸಿ. ಮುಚ್ಚಿದ ಮೇಲೂ ಒಂದೆರಡು ನಿಮಿಷ ಹನಿಯುತ್ತಿದ್ದರೆ ಗಾಬರಿ ಬೇಡ, ತಟ್ಟೆಯೊಳಗೆ ಉಳಿದ ನೀರದು.

ಸಿಪಿವಿಸಿಗೆ ಅದರದೇ ಸಾಲ್ವೆಂಟ್ ಬಳಸಬೇಕು. ತಣ್ಣೀರಿನ ಯುಪಿವಿಸಿ ಅಂಟು ಬಿಸಿ ಪೈಪಿಗೆ ಹಚ್ಚಿದರೆ ವರ್ಷದೊಳಗೆ ಕೀಲು ಬಿಡಬಹುದು. ಡೈವರ್ಟರ್ ಸೇರುವ ಕಡೆ ಹಿತ್ತಾಳೆಯ ತಿರುಪು ಮರೆ ಇರುವ ಫಿಟ್ಟಿಂಗ್, ಟೆಫ್ಲಾನ್ ಟೇಪು ಮಾತ್ರ. ಜಿಐ ಪೈಪಿನ ಅಭ್ಯಾಸದಲ್ಲಿ ಸಣಬು ಸುತ್ತಿ ಎಣ್ಣೆ ಬಣ್ಣ ಬಳಿದರೆ ಸಿಪಿವಿಸಿ ಮೆಲ್ಲಗೆ ಬಿರುಕು ಬಿಡುತ್ತದೆ. ಅಂಟು ಹಾಕಿ ಒಂದು ದಿನ ಬಿಟ್ಟು, ಬಾಯಿಗಳಿಗೆಲ್ಲ ಬಿರಡೆ ಬಿಗಿದು, ಗಾಳಿ ಪೂರ್ತಿ ತೆಗೆದು, ಕೈಪಂಪಿನಿಂದ ಚದರ ಸೆಂಟಿಮೀಟರಿಗೆ 10 ಕೆ.ಜಿ. ಒತ್ತಡಕ್ಕೆ ಏರಿಸಿ ಎರಡು ಗಂಟೆ ಬಿಡಿ. ಗೇಜಿನ ಮುಳ್ಳು ಇಳಿದರೆ ಟೈಲ್ಸ್ ಕೆಲಸ ಮುಟ್ಟಬೇಡಿ. ಈ ಪರೀಕ್ಷೆಯ ಹೊತ್ತಿಗೆ ಸೋಲಾರು, ಗೀಸರನ್ನು ಪೈಪಿನಿಂದ ಬಿಡಿಸಿರಬೇಕು. ಟೈಲ್ಸಿನವರು ನಾಳೆಯೇ ಬರುತ್ತಾರೆಂದು ಇದನ್ನು ಬಿಟ್ಟವರು ಆಮೇಲೆ ಟೈಲ್ಸ್ ಒಡೆಸುತ್ತಾರೆ.

ಬಂದ ನೀರು ಹೋಗಬೇಕಲ್ಲ. ನೆಲದ ನೀರು ಹೊರಹೋಗುವ 3 ಇಂಚಿನ ಒಂದು ನಾನಿ ಟ್ರ್ಯಾಪು ಬಕೆಟ್ ಸ್ನಾನಕ್ಕೆ ಧಾರಾಳ. ನಿಮಿಷಕ್ಕೆ 40 ಲೀಟರ್ ಬೀಳುವಾಗ ಜಾಲರಿಗೆ ನಾಲ್ಕು ಕೂದಲು ಸಿಕ್ಕಿದರೆ ಪಾದ ಮುಳುಗುತ್ತದೆ. 30 ಲೀಟರ್ ಮೀರಿದರೆ 4 ಇಂಚಿನ ಟ್ರ್ಯಾಪು, ಇಲ್ಲವೇ ಎರಡು ಟ್ರ್ಯಾಪು ಇಡಿಸಿ, ಟ್ರ್ಯಾಪಿನಲ್ಲಿ 50 ಎಂಎಂ ನೀರು ನಿಲ್ಲುವಂತಿರಲಿ, ವಾಸನೆ ಮೇಲೆ ಬಾರದು. ನೆಲಕ್ಕೆ 4 ಅಡಿಗೆ 1 ಇಂಚಿನ ವಾಟ ಕೊಟ್ಟು ಗಾರೆಯಲ್ಲೇ ಮಾಡಬೇಕು, ಟೈಲ್ಸ್ ಅಂಟಿನಲ್ಲಿ ವಾಟ ಮಾಡಲು ಹೋದರೆ ಟೈಲ್ಸ್ ಕೆಳಗೆ ಟೊಳ್ಳು ಉಳಿಯುತ್ತದೆ. ವಾಟರ್ ಪ್ರೂಫಿಂಗನ್ನು ಗೋಡೆಗೆ ಒಂದಡಿ ಬಳಿದು ಬಿಡುವ ರೂಢಿ ಇಲ್ಲಿ ನಡೆಯದು. ಜೆಟ್ಟಿನ ನೀರು ಎದುರು ಗೋಡೆಗೆ ನೇರ ಬಡಿಯುತ್ತದೆ, ಶವರ್ ಜಾಗದ ಎಲ್ಲ ಗೋಡೆಗೂ 7 ಅಡಿವರೆಗೆ ಬಳಿಸಿ. ನೆಲದಲ್ಲಿ ನೀರು ಕಟ್ಟಿ ಎರಡು ದಿನ ಬಿಟ್ಟು ಕೆಳಗಿನ ಚಾವಣಿ ನೋಡಿ. ಸಂದುಗಳಿಗೆ ಎಪಾಕ್ಸಿ, ನೆಲಕ್ಕೆ ಒರಟು ಟೈಲ್ಸ್. ಶವರ್ ಜಾಗ 4 ಅಡಿಗೆ 3 ಅಡಿಯಾದರೂ ಇರಲಿ. ಹಳ್ಳಿಯ ಮನೆಗಳಲ್ಲಿ ಬಚ್ಚಲ ನೀರು ಬಾಳೆಗೆ, ಕೆಸುವಿನ ಮಡಿಗೆ ಹೋಗುತ್ತಿತ್ತು. ಇಷ್ಟು ನೀರು ಬಳಸುವ ಮನೆಯಲ್ಲಿ ಶವರಿನ ನೀರಿಗೆ ಶೌಚದ ಪೈಪಿನಿಂದ ಬೇರೆಯಾದ ಪೈಪು ಹಾಕಿ ಹಿತ್ತಲಿನ ತೆಂಗಿಗೆ ಬಿಡುವ ಏರ್ಪಾಟು ಕಟ್ಟುವಾಗಲೇ ಮಾಡಿಕೊಳ್ಳಬೇಕು.

ಕಾವೇರಿ ನೀರು ಬರುವ ಮನೆಯಲ್ಲಿ ಶವರ್ ವರ್ಷಗಟ್ಟಲೆ ಬಾಳುತ್ತದೆ. ಕೊಳವೆಬಾವಿಯನ್ನೇ ನಂಬಿದ ಮನೆಗಳಲ್ಲಿ ಬಿಳಿ ಪೊರೆ ಕಟ್ಟಿ ಮೊದಲು ಜೆಟ್, ಆಮೇಲೆ ಥರ್ಮೋಸ್ಟಾಟ್ ಕೆಡುತ್ತದೆ. ನೀರಿನ ಗಡಸುತನ ಪರೀಕ್ಷೆ ಮಾಡಿಸಿ. ಕುಡಿಯುವ ನೀರಿನ ಐಎಸ್ 10500 ಮಾನದಂಡದಲ್ಲಿ ಲೀಟರಿಗೆ 200 ಮಿಲಿಗ್ರಾಂ ಒಪ್ಪಿತ ಮಿತಿ, ಬೇರೆ ಮೂಲವಿಲ್ಲದಿದ್ದರೆ 600ರವರೆಗೆ. 300 ದಾಟಿದ್ದರೆ ಜೆಟ್ ಬೇಡವೆನ್ನುತ್ತೇವೆ, ಬೇಕೇ ಬೇಕೆಂದರೆ ಗಡಸುತನ ತೆಗೆಯುವ ಸಾಫ್ಟನರ್ ಹಾಕಿಸಿ. ಸಾಫ್ಟನರ್ ತೊಳೆದ ಉಪ್ಪುನೀರು ಗಿಡಗಳಿಗೆ ಬೇಡ. ಪಂಪಿನ ಮುಂದೆ ಜಾಲರಿ ಫಿಲ್ಟರ್ ಇರಲಿ. ರಬ್ಬರ್ ತೂತುಗಳನ್ನು ವಾರಕ್ಕೊಮ್ಮೆ ಹೆಬ್ಬೆರಳಲ್ಲಿ ಉಜ್ಜಿದರೆ ಪೊರೆ ಉದುರುತ್ತದೆ, ಗಟ್ಟಿಯಾಗಿದ್ದರೆ ವಿನಿಗರಿನಲ್ಲಿ ನೆನೆಸಿದ ಬಟ್ಟೆ ಅರ್ಧ ಗಂಟೆ ಸುತ್ತಿ ತೊಳೆಯಿರಿ. ನೆಲ ತೊಳೆಯುವ ಆಸಿಡ್ ತಾಗಿಸಿದರೆ ಕ್ರೋಮ್ ಹೊಳಪು ಆ ದಿನವೇ ಹೋಗುತ್ತದೆ.

ಜೀವದ ವಿಷಯ ಒಂದು ಹೇಳಲೇಬೇಕು. ಇಷ್ಟು ಬಿಸಿ ನೀರಿಗೆ ಗ್ಯಾಸ್ ಗೀಸರ್ ಅಗ್ಗವೆಂದು ಬಚ್ಚಲುಮನೆಯೊಳಗೇ ಕೂರಿಸುವವರಿದ್ದಾರೆ. ಗಾಜಿನ ಬಾಗಿಲು, ಮುಚ್ಚಿದ ಕಿಟಕಿ, ಹತ್ತು ನಿಮಿಷದ ಸ್ನಾನ. ಅದರಿಂದ ಹೊರಡುವ ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯಿಲ್ಲ, ಬಣ್ಣವಿಲ್ಲ, ಒಳಗಿದ್ದವರು ಕೂಗುವ ಮೊದಲೇ ಪ್ರಜ್ಞೆ ತಪ್ಪುತ್ತಾರೆ. ಗ್ಯಾಸ್ ಗೀಸರ್ ಗೋಡೆಯ ಹೊರಗೆ, ತೆರೆದ ಗಾಳಿಯಲ್ಲಿ ಮಾತ್ರ. ವಿದ್ಯುತ್ ಗೀಸರಿಗೆ, ಪಂಪಿಗೆ ಭೂಸಂಪರ್ಕ ಮತ್ತು ಕರೆಂಟು ಸೋರಿದ ಕೂಡಲೇ ತಾನೇ ಕಡಿಯುವ 30 ಮಿಲಿಆಂಪಿನ ಆರ್‌ಸಿಸಿಬಿ ಸ್ವಿಚ್ಚು ಕಡ್ಡಾಯ.

ಪತ್ರಿಕೆಯ ಮೂಲಕ ನಾವು ಕೇಳುವುದು ಇಷ್ಟು. ಮಾರುವವರು ಪ್ರತಿ ಶವರ್ ಸೆಟ್ಟಿನ ಮುಂದೆ ಅದಕ್ಕೆ ಬೇಕಾದ ಕನಿಷ್ಠ ಒತ್ತಡವನ್ನೂ ಅರ್ಧ ಬಾರಿನಲ್ಲಿ ಅದು ಕೊಡುವ ಲೀಟರನ್ನೂ ಕನ್ನಡದಲ್ಲಿ ಬರೆದು ಇಡಲಿ. ನಕ್ಷೆ ಮಾಡುವ ಎಂಜಿನಿಯರುಗಳು ಕೋಣೆಗಳ ನಕ್ಷೆಯೊಡನೆ ನೀರಿನ ಪೈಪಿನ ನಕ್ಷೆಯನ್ನೂ ಕೊಡಲಿ, ಅದರಲ್ಲಿ ಟ್ಯಾಂಕಿನ ತಳದ ಎತ್ತರ ಬರೆದಿರಲಿ. ಮನೆ ಕಟ್ಟಿಸುವವರು ಗೋಡೆ ಮುಚ್ಚುವ ಮೊದಲು ಪೈಪಿನ ಪಕ್ಕದಲ್ಲಿ ಅಳತೆಪಟ್ಟಿ ಹಿಡಿಸಿ, ನೆಲದಿಂದ ಎಷ್ಟು, ಮೂಲೆಯಿಂದ ಎಷ್ಟು ಎಂಬುದು ಕಾಣುವಂತೆ ನಾಲ್ಕೂ ಗೋಡೆಯ ಫೋಟೊ ತೆಗೆದು ಮನೆಪತ್ರದ ಜೊತೆ ಇಟ್ಟುಕೊಳ್ಳಲಿ. ಐದು ವರ್ಷ ಬಿಟ್ಟು ಟವೆಲ್ ಸರಳು ಬಿಗಿಯಲು ಬಂದವರ ಡ್ರಿಲ್ ಬಿಸಿ ಪೈಪಿನ ಮೇಲೆ ಇಳಿಯದಂತೆ ಅದೊಂದೇ ತಡೆಯುವುದು.

ಇತಿ,
ಕಟ್ಟಡಗಳ ಕೊಳಾಯಿ ಕೆಲಸದವರು,
ಮೈಸೂರು